ಇಟಲಿಯ ಕಾರೂ ಇಂಗ್ಲೆಂಡಿನ ಎಣ್ಣೆ ಕಲೆಯೂ

ಇವತ್ತು ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ವಾಚ್‌ಮನ್ ನನ್ನ ಕಾರಿನ ಅಡಿಗೆ ಬೆರಳು ತೋರಿಸಿ, "ಸಾಬ್, ಫಿರ್ ಟಪಕ್ ರಹಾ ಹೈ" ಎಂದ, ಮತ್ತೆ ತೊಟ್ಟಿಕ್ಕುತ್ತಿದೆಯಂತೆ. ಬಗ್ಗಿ ನೋಡಿದರೆ ಅಂಗೈಯಗಲದ ಎಣ್ಣೆ ಕಲೆ. ಎಂಜಿನ್ ಆಯಿಲಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹನ್ನೆರಡು ವರ್ಷದ ಹಿಂದಿನ ಆಯುಧಪೂಜೆ ನೆನಪಾಯಿತು.

ಆಗ ಈ ಇಂಗ್ಲೆಂಡಿನ ಕಾರು ನನ್ನದಲ್ಲ, ಮಾಟುಂಗದಲ್ಲಿ ಉಡುಪಿ ಹೋಟೆಲ್ ನಡೆಸುವ ಜಯಕರಣ್ಣನದು. ನನ್ನದು ಇಟಲಿಯದು, ಕೆಂಪು. ಎರಡೂ ಇಬ್ಬರೇ ಕೂರುವ, ಹೆಚ್ಚುಕಡಿಮೆ ನಮ್ಮಷ್ಟೇ ವಯಸ್ಸಾದ ಸ್ಪೋರ್ಟ್ಸ್ ಕಾರುಗಳು. ಎರಡೂ ಕಾಂದಿವಲಿಯ ಒಂದೇ ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತಿದ್ದವು. ಯಾವುದು ಮೇಲು ಎಂದು ನಾವು ಕಾಫಿ ಆರುವವರೆಗೂ ಜಗಳವಾಡುತ್ತಿದ್ದೆವು. ಇಟಲಿಯದರ ಎಂಜಿನ್ ಚಿಕ್ಕದು, ಗಂಟಲು ದೊಡ್ಡದು. ಎಕ್ಸಲರೇಟರ್ ಒತ್ತಿದಷ್ಟೂ ಅದಕ್ಕೆ ಖುಷಿ. ಇಂಗ್ಲೆಂಡಿನದು ನಿಧಾನಸ್ಥ, ಟಾಪ್ ಗೇರಿನಲ್ಲೇ ಗುಡುಗುಡು ಎಂದು ಎಷ್ಟು ದೂರ ಬೇಕಾದರೂ ಹೋದೀತು, ಅವಸರಪಡಿಸಿದರೆ ಮಾತ್ರ ಕುದಿಯುತ್ತದೆ. ಇಷ್ಟೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದ ನಮ್ಮ ತಲೆಗೆ ಮಾತ್ರ ಏನೂ ಹೋಗಿರಲಿಲ್ಲ, ನೋಡಿ.

ಆ ವರ್ಷ ನನ್ನ ಹೆಂಡತಿ ಸುಧಾಳ ತಾಳ್ಮೆ ಮುಗಿಯಿತು. "ರೀ, ಪೂಜೆಗೆ ಅದು ತಾನಾಗಿ ಮಾಟುಂಗದ ದೇವಸ್ಥಾನಕ್ಕೆ ಬಂದ್ರೆ ಇಟ್ಕೊಳ್ಳಿ. ಈ ಸಲಾನೂ ಹಗ್ಗ ಕಟ್ಟಿ ಎಳ್ಕೊಂಡು ಬಂದ್ರೆ ಮಾರಿಬಿಡಿ" ಎಂದಳು. ಒಪ್ಪಿದೆ. ಒಪ್ಪಿದ ಮೇಲೆ ದಿನಾ ಕಾಂದಿವಲಿಗೆ ಹೋಗಿ ಅದನ್ನು ನೋಡಿಕೊಂಡು ಬರತೊಡಗಿದೆ. ಆ ಕಾರೆಂದರೆ ನನಗೆ ಅಷ್ಟು ಪ್ರಾಣ.

ಹಬ್ಬದ ದಿನ ಇಬ್ಬರೂ ಕಾಂದಿವಲಿಯಿಂದ ಹೊರಟೆವು. ನಾನು ಮೈಸೂರಿನವನು, ಮೈಲೇಜು ನೋಡಿಕೊಂಡು ಓಡಿಸುವುದು ನಮ್ಮ ಮನೆತನದ ರೂಢಿ. ನಲವತ್ತರ ವೇಗಕ್ಕೇ ಟಾಪ್ ಗೇರು. ಜಯಕರಣ್ಣನಿಗೋ ಬದುಕಿಡೀ ಮಧ್ಯಾಹ್ನದ ಊಟದ ಹೊತ್ತಿನ ಅವಸರ. ಬಾಂದ್ರಾ ತಲುಪುವಷ್ಟರಲ್ಲಿ ನನ್ನದು ಆ ನಿಧಾನಕ್ಕೇ ಸ್ಪಾರ್ಕ್ ಪ್ಲಗ್ಗುಗಳಿಗೆ ಮಸಿ ಹಿಡಿದು ಕೆಮ್ಮಿ ಕೆಮ್ಮಿ ನಿಂತಿತು. ಸ್ವಲ್ಪ ಮುಂದೆ ರಸ್ತೆಬದಿಯಲ್ಲಿ ಅವರದು ಹಬೆ ಕಾರುತ್ತ ನಿಂತಿತ್ತು.

"ಎಂತ ಮಾರಾಯ್ರೇ, ನೀವು ಕಾರು ಓಡಿಸುವುದೋ, ತೊಟ್ಟಿಲು ತೂಗುವುದೋ?" ಎಂದರು.

"ನೀವು ಅದರಲ್ಲಿ ಇಡ್ಲಿ ಬೇಯಿಸ್ತಿದ್ದೀರಾ?" ಎಂದೆ.

ಇಬ್ಬರೂ ನಕ್ಕೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಜಯಕರಣ್ಣ ತಮ್ಮ ಕೀ ನನ್ನ ಕೈಗಿಟ್ಟು, ನನ್ನದನ್ನು ತೆಗೆದುಕೊಂಡರು.

ಪ್ಲಗ್ಗಿನ ಮಸಿ ಒರೆಸಿ, ಅವರ ಕಾರು ತಣ್ಣಗಾದ ಮೇಲೆ ನೀರು ತುಂಬಿ ಹೊರಟೆವು. ಅವರು ಒತ್ತಿದ ಒತ್ತಿಗೆ ನನ್ನ ಇಟಲಿ ಗಂಟಲು ಸರಿಮಾಡಿಕೊಂಡು ಹಾಡುತ್ತ ಹೋಯಿತು. ನನ್ನ ಕೈಯಲ್ಲಿ ಅದು ಒಂದು ದಿನವೂ ಹಾಗೆ ಹಾಡಿರಲಿಲ್ಲ. ನಾನು ಹಿಂದೆ ಗುಡುಗುಡು. ದೇವಸ್ಥಾನದ ಮುಂದೆ ಸುಧಾ ಹಾರ ಹಿಡಿದು ನಿಂತಿದ್ದಳು. ಎರಡೂ ಕಾರು ತಾವಾಗಿಯೇ ಬಂದು ಅವಳೆದುರು ನಿಂತವು. ಭಟ್ಟರು ಚಕ್ರದಡಿ ನಿಂಬೆಹಣ್ಣು ಇಡುವಾಗ ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರೇ ಬಂತು. ಸುಧಾಳ ಷರತ್ತು ಗೆದ್ದ ಕಾರನ್ನು ನಾನೇ ಜಯಕರಣ್ಣನಿಗೆ ಬಿಟ್ಟುಕೊಟ್ಟೆ, ಅದು ಹಾಡುವುದು ಅವರ ಕೈಯಲ್ಲೇ ಎಂದು. ಅವರದು ನನಗೆ ಬಂತು. ಅಂದಿನಿಂದ ಯಾವುದು ಮೇಲು ಎಂದು ನಾವು ಜಗಳವಾಡಿಲ್ಲ.

ವಾಚ್‌ಮನ್ ಹೋದ ಮೇಲೆ ಕಲೆ ಒರೆಸಲು ಬಟ್ಟೆ ತಂದೆ. ಕೆಳಗಿಳಿದು ಬಂದ ಸುಧಾ ತಡೆದಳು.

"ಇರಲಿ ಬಿಡಿ, ನಮ್ಮ ಜಾಗ ಅಂತ ಎಲ್ರಿಗೂ ಗೊತ್ತಾಗ್ಲಿ" ಎಂದವಳೇ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತಳು. "ನಡೀರಿ ಮಾಟುಂಗಕ್ಕೆ, ಜಯಕರಣ್ಣನ ಕಾಫಿಗೆ. ನಿಮ್ಮ ಥರಾನೇ ಓಡಿಸಿ."

ನಲವತ್ತಕ್ಕೇ ಟಾಪ್ ಗೇರು ಹಾಕಿದೆ.