ಹನ್ನೆರಡನೆಯವಳ ನೆರಳು

ನಾಲ್ಕು ಜನ ಒಂದೆಡೆ ಕಂಡರೆ ಸಾಕು, ಬಿಜ್ಜರಗಿಯ ಚಂದ್ರಾಬಾಯಿಯ ಕೈ ಫೋನಿಗೆ ಹೋಗುತ್ತದೆ. ಸಾಲಾಗಿ ನಿಲ್ಲಿಸುತ್ತಾಳೆ, ಹೆಸರು ಕೂಗುತ್ತಾಳೆ, ಫೋಟೋ ತೆಗೆಯುತ್ತಾಳೆ. ಇದು ಹುಚ್ಚಲ್ಲ, ಆಕೆಯ ಅನ್ನ. ಉದ್ಯೋಗ ಖಾತ್ರಿಯಲ್ಲಿ ಆಕೆ ಕಾಯಕ ಬಂಧು, ಅಂದರೆ ಕೆರೆ ಹೂಳೆತ್ತುವ, ಬದು ಹಾಕುವ ಹೆಂಗಸರ ಗುಂಪಿಗೆ ಮುಂದಾಳು. ದಿನಕ್ಕೆರಡು ಸಲ ಎಲ್ಲರನ್ನೂ ನಿಲ್ಲಿಸಿ ಫೋಟೋ ಕಳಿಸದಿದ್ದರೆ ಯಾರ ಖಾತೆಗೂ ಕೂಲಿ ಬೀಳುವುದಿಲ್ಲ. ನಾಲ್ಕು ವರ್ಷ ಇದನ್ನೇ ಮಾಡಿ ಮಾಡಿ ಚಾಳಿ ಮೈಗೆ ಹತ್ತಿಬಿಟ್ಟಿದೆ. ತವರೂರು ಕಾಖಂಡಕಿಯಲ್ಲಿ ತಂಗಿಯ ಮದುವೆ ಆದಾಗ ಬೀಗರ ಪಂಕ್ತಿಯನ್ನೇ ಎಣಿಸಿ ಫೋಟೋ ತೆಗೆದು ಬಂದವಳು. ಊಟಕ್ಕೆ ಕೂತರೆ ಗಂಡ ಕರೆಪ್ಪ, "ಇವತ್ತ ನಂದು ಹಾಜರಿ ಬಿತ್ತೇನ?" ಎಂದು ಕಾಡಿಸುತ್ತಾನೆ.

ಕಳೆದ ಫೆಬ್ರವರಿಯಲ್ಲಿ ಕೆರೆಯ ದಂಡೆಯ ಮೇಲೆ ರೊಟ್ಟಿ ಬಿಚ್ಚಿದಾಗ ಗುಂಪಿನ ಹಾಜಿರಾಬಿ ಒಂದು ಮಾತು ಎತ್ತಿದಳು. "ನೀರಿಗೆ ಅಂತ ತಗ್ಗು ತೋಡಿ ತೋಡಿ ಸಾಕಾತು ಚಂದ್ರಕ್ಕಾ. ಯಾರೂ ತೋಡದ ನೀರು ಒಮ್ಮೆರ ನೋಡಿ ಬರೂಣು." ಮುಂಬೈಯಲ್ಲಿ ಅವಳ ಅಕ್ಕನ ಮನೆಯಿತ್ತು, ಇಳಿದುಕೊಳ್ಳಲು ಚಿಂತೆಯಿಲ್ಲ. ಸಮುದ್ರ ಅಂದದ್ದೇ ತಡ, ಹನ್ನೊಂದು ಹೆಂಗಸರು ತಲಾ ಮೂರು ದಿನದ ಕೂಲಿ ತಂದು ಚಂದ್ರಾಬಾಯಿಯ ಉಡಿಗೆ ಹಾಕಿದರು. ಏಜೆಂಟನಿಗೆ ಕಮಿಷನ್ ಯಾಕೆ ಕೊಡಬೇಕು ಎಂದು ಆಕೆ ತನ್ನದೂ ಸೇರಿಸಿ ಹನ್ನೆರಡು ಟಿಕೆಟನ್ನು ಫೋನಿನಲ್ಲೇ ತೆಗೆದಳು. ಏಳನೇ ಇಯತ್ತೆ ಓದಿದವಳು ಅಷ್ಟು ಮಾಡಿದ್ದಕ್ಕೆ ಆ ದಿನ ತನ್ನಷ್ಟಕ್ಕೇ ಬೀಗಿದ್ದೂ ಉಂಟು.

ಹೊರಡುವ ದಿನ ಟಿಕೋಟಾ ಮೇಲೆ ಹಾಯ್ದು ವಿಜಯಪುರ ಸೇರಿ, ಸೋಲಾಪುರ ರಸ್ತೆಯ ಪೆಟ್ರೋಲ್ ಬಂಕಿನ ಮುಂದೆ ನಾಲ್ಕಕ್ಕೇ ಹಾಜರಾದರು. ಟಿಕೆಟ್ಟಿನಲ್ಲಿದ್ದದ್ದು ಅದೇ ಜಾಗ, ಬಸ್ಸು ಐದಕ್ಕೆ. ಐದಕ್ಕೆ ಹತ್ತು ನಿಮಿಷವಿದ್ದಾಗ ಚಂದ್ರಾಬಾಯಿಗೆ ಕೈ ತಡೆಯಲಿಲ್ಲ. ಬಂಕಿನ ಹೆಸರು ಕಾಣುವಂತೆ ಸಾಲಾಗಿ ನಿಲ್ಲಿಸಿದಳು.

"ಇದೇನ ಕೆರಿ ಕೆಲಸೇನ ಬೇ, ಇಲ್ಲೂ ಹಾಜರಿ?" ಎಂದು ಸಿಡುಕಿದವಳು ಲಕ್ಷ್ಮಿ. ಗುಂಪಿನಲ್ಲಿ ಎಲ್ಲದಕ್ಕೂ ಕೊಕ್ಕೆ ಹಾಕುವುದು ಅವಳ ಪಾಲಿನ ಕೆಲಸ. "ಬಿಸಲು ನೆಟ್ಟಗ ಕಣ್ಣಿಗೆ ಹೊಡ್ಯಾಕತ್ತೈತಿ!"

"ಒಂದ ನಿಮಿಷ ಕಣ್ಣ ತಗಿ, ಸಾಯೂದಿಲ್ಲ" ಎಂದು ಚಂದ್ರಾಬಾಯಿ ಸೂರ್ಯನಿಗೆ ಬೆನ್ನು ಮಾಡಿ ಕ್ಲಿಕ್ಕಿಸಿದಳು. ಅವಳ ಫೋನಿನ ಕ್ಯಾಮೆರಾ ಊರು, ಜಾಗ, ತಾರೀಖು, ವೇಳೆ ಎಲ್ಲವನ್ನೂ ಫೋಟೋದ ಕೆಳಗೇ ಅಚ್ಚು ಹಾಕುತ್ತದೆ.

ಐದಾಯಿತು, ಬಸ್ಸಿಲ್ಲ. ಟಿಕೆಟ್ಟಿನಲ್ಲಿದ್ದ ನಂಬರು ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಐದೂ ಮುಕ್ಕಾಲಿಗೆ ಮತ್ತೊಂದು ಫೋಟೋ ತೆಗೆದಳು, ದಿನಕ್ಕೆ ಎರಡು ಎಂಬುದು ಅವಳಿಗೆ ಲೆಕ್ಕ. ಆರೂವರೆಗೆ ಹನ್ನೆರಡೂ ಜನ ಮುಖ ಸಣ್ಣದು ಮಾಡಿಕೊಂಡು ಹಿಂದಿರುಗಿದರು. ಮುಂಬೈಗೆಂದು ಕಟ್ಟಿದ್ದ ರೊಟ್ಟಿ, ಶೇಂಗಾ ಚಟ್ನಿ ಟಿಕೋಟಾ ಬಸ್ ಸ್ಟ್ಯಾಂಡಿನಲ್ಲೇ ಮುಗಿದವು.

ಮರುದಿನ ಫೋನಿಗೆ ಮೆಸೇಜು ಬಂತು. ಬಸ್ಸು ಸಮಯಕ್ಕೆ ಬಂದು ಕಾಲು ತಾಸು ಕಾದಿತ್ತಂತೆ, ಪ್ರಯಾಣಿಕರೇ ಬರಲಿಲ್ಲವಂತೆ, ಹಣ ವಾಪಸ್ಸಿಲ್ಲವಂತೆ. ಓದಿ ಚಂದ್ರಾಬಾಯಿಯ ಮೈ ಉರಿದುಹೋಯಿತು. ಆದರೆ ಅದಕ್ಕಿಂತ ಹೆಚ್ಚು ಉರಿಸಿದ್ದು ಕೆರೆಯ ದಂಡೆಯ ಮೇಲೆ ಲಕ್ಷ್ಮಿ ಆಡಿದ ಮಾತು: "ರೊಕ್ಕಾನೂ ಆಕಿ ಕೈಯಾಗ, ಫೋನೂ ಆಕಿ ಕೈಯಾಗ. ಟಿಕೆಟ್ ತಗದಿದ್ಳೋ ಇಲ್ಲೋ ಯಾರಿಗ ಗೊತ್ತ?"

ಯಾರೂ ಲಕ್ಷ್ಮಿಯ ಬಾಯಿ ಮುಚ್ಚಿಸಲಿಲ್ಲ. ಅದೇ ಚಂದ್ರಾಬಾಯಿಗೆ ನಾಟಿತು. ಆ ಹೆಂಗಸರು ನಂಬಿದ್ದಕ್ಕೇ ಅವಳು ಮುಂದಾಳು. ನಂಬಿಕೆ ಹೋದರೆ ಕೆಲಸ ಹೋಗುತ್ತದೆ, ಊರಲ್ಲಿ ತಲೆ ಎತ್ತಿ ತಿರುಗುವುದೂ ಹೋಗುತ್ತದೆ. ಮರುದಿನವೇ ಅವಳು ಫೋನು ಹಿಡಿದು ಕೂತಳು.

ಟಿಕೆಟ್ ಮಾರಿದವರ ನಂಬರಿನಲ್ಲಿ ಬರೀ ಹಿಂದಿ. ಹಾಜಿರಾಬಿಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಇವಳು ಹೇಳುವುದು, ಅವಳು ತನ್ನ ಮನೆಮಾತು ಉರ್ದು ಬೆರೆಸಿದ ಹಿಂದಿಯಲ್ಲಿ ಝಾಡಿಸುವುದು. ನೀವು ಬೇರೆ ಜಾಗದಲ್ಲಿ ನಿಂತಿರಬೇಕು, ತಡವಾಗಿ ಬಂದಿರಬೇಕು ಎಂದು ಆ ಕಡೆ ಫೋನೆತ್ತಿದ ಹುಡುಗ ಒಂದೇ ಪಾಠ ಒಪ್ಪಿಸಿದ. ಆಗ ಚಂದ್ರಾಬಾಯಿಗೆ ಹೊಳೆಯಿತು: ಜಾಗ, ವೇಳೆ ಎರಡೂ ತನ್ನ ಫೋನಿನಲ್ಲೇ ಅಚ್ಚಾಗಿ ಕೂತಿವೆಯಲ್ಲ!

ಗ್ರಾಹಕರ ಸಹಾಯವಾಣಿಗೆ ಫೋನು ಹಚ್ಚಿದಳು. ಅಲ್ಲಿ ಕನ್ನಡದಲ್ಲೇ ಕೇಳಿಕೊಂಡರು. ಟಿಕೆಟ್ಟು, ಎರಡು ಫೋಟೋ, ಎತ್ತದೇ ಹೋದ ಹದಿನಾಲ್ಕು ಕರೆಗಳ ಪಟ್ಟಿ ಎಲ್ಲ ದೂರಿಗೆ ಲಗತ್ತಾದವು. ನಾಲ್ಕೇ ದಿನಕ್ಕೆ ಕಂಪನಿಯ ದನಿ ಮೆತ್ತಗಾಯಿತು. ಮುಂದಿನ ಪ್ರಯಾಣಕ್ಕೆ ಕೂಪನ್ ಕೊಡುತ್ತೇವೆ ಎಂದರು.

"ಕೂಪನ್ ಒಲಿಗೆ ಹಾಕ್ಲೇನ್ರಿ? ಕೊಟ್ಟಿದ್ದು ರೊಕ್ಕ, ರೊಕ್ಕಾನ ಕೊಡ್ರಿ" ಎಂದಳು ಚಂದ್ರಾಬಾಯಿ. ಹಾಜಿರಾಬಿ ಅದಕ್ಕೆ ಇನ್ನೆರಡು ಮಾತು ಸೇರಿಸಿಯೇ ಹಿಂದಿಗೆ ತಿರುಗಿಸಿದಳು.

ಹತ್ತೊಂಬತ್ತನೇ ದಿನ ಹಣ ಬಿತ್ತು. ಹನ್ನೊಂದು ಟಿಕೆಟ್ಟಿನದು ಮಾತ್ರ. ಫೋಟೋದಲ್ಲಿ ಹನ್ನೊಂದೇ ಜನ ಕಾಣುತ್ತಾರೆ, ಚಂದ್ರಾಬಾಯಿ ಎಂಬ ಪ್ರಯಾಣಿಕರು ಸ್ಥಳದಲ್ಲಿ ಇರಲಿಲ್ಲ ಎಂದು ಕಾರಣ ಬರೆದಿದ್ದರು. ಎಂಥ ಶಾಣ್ಯಾತನ ನೋಡಿ!

ಅದೇ ಸಂಜೆ ಹನ್ನೊಂದೂ ಮನೆಗಳಿಗೆ ಹಣ ಮುಟ್ಟಿಸಿದಳು. ಲಕ್ಷ್ಮಿಯ ಮನೆಗೇ ಮೊದಲು ಹೋದಳು. ಲಕ್ಷ್ಮಿ ಮುಖ ಎತ್ತದೆ ನೋಟು ಎಣಿಸಿಕೊಂಡಳು.

"ಮಂದೀದು ಬಂತಲ್ಲ, ಸಾಕ ಬಿಡ" ಎಂದ ಕರೆಪ್ಪ.

"ಯಾಕ ಬಿಡ್ಲಿ? ನಾ ಅಲ್ಲಿ ಇದ್ದಿದ್ದಿಲ್ಲೇನ?" ಎಂದು ಚಂದ್ರಾಬಾಯಿ ಮೊದಲನೇ ಫೋಟೋ ತೆರೆದು ಕೂತಳು. ನಾಲ್ಕು ವರ್ಷ ಊರಿನವರದೆಲ್ಲ ಫೋಟೋ ತೆಗೆದವಳು, ತನ್ನದೊಂದೂ ಇಲ್ಲವೆಂಬುದು ಅವಳಿಗೆ ಅಂದೇ ತಿಳಿದದ್ದು. ಬೆರಳಿನಿಂದ ಫೋಟೋ ದೊಡ್ಡದು ಮಾಡುತ್ತಾ ಹೋದಾಗ ಹೆಂಗಸರ ಕಾಲಿನ ಮುಂದೆ ಏನೋ ಕಪ್ಪಗೆ ಕಂಡಿತು. ಸಂಜೆಬಿಸಿಲಿಗೆ ಉದ್ದಕ್ಕೆ ಚಾಚಿದ ಒಂದು ನೆರಳು: ತಲೆಯ ಮೇಲೆ ಸೆರಗು, ಎತ್ತಿ ಹಿಡಿದ ಎರಡು ಕೈ, ಕೈಯಲ್ಲಿ ಫೋನು.

ಅದರ ಸುತ್ತ ಕೆಂಪು ಗೆರೆ ಎಳೆದು ಸಹಾಯವಾಣಿಗೆ ಕಳಿಸಿದಳು. ಕೆಳಗೆ ಕನ್ನಡದಲ್ಲೇ ಬರೆದಳು: "ಹನ್ನೊಂದು ಮಂದಿಯ ಫೋಟೋ ತಂತಾನೇ ಬಿದ್ದಿಲ್ಲ. ತೆಗೆದವಳ ನೆರಳು ಇಲ್ಲಿದೆ." ಒಂದು ವಾರದಲ್ಲಿ ಹನ್ನೆರಡನೇ ಟಿಕೆಟ್ಟಿನ ಹಣವೂ ಬಿತ್ತು. ಅವಳಿಗೆ ಆದ ಖುಷಿಗೆ ಓಣಿಗೆಲ್ಲ ಪೇಢೆ ಹಂಚಿದಳು.

ಮಾರ್ಚ್ ತಿಂಗಳಲ್ಲಿ ಹನ್ನೆರಡೂ ಜನ ಸರ್ಕಾರದ ಕೆಂಪು ಬಸ್ಸು ಹತ್ತಿ ಮುಂಬೈ ಸೇರಿದರು. ಸಮುದ್ರ ಕಂಡು ಹಾಜಿರಾಬಿ ದಂಗಾಗಿ ನಿಂತುಬಿಟ್ಟಳು. ಸ್ವಲ್ಪ ಹೊತ್ತಿಗೆ ಚಂದ್ರಾಬಾಯಿಯ ಕೈ ಫೋನಿಗೆ ಹೋಯಿತು. ಅಷ್ಟರಲ್ಲಿ ಲಕ್ಷ್ಮಿ ಬಂದು ಅದನ್ನು ಕಸಿದುಕೊಂಡಳು.

"ನೀ ಸಾಲಿನ್ಯಾಗ ನಿಂದ್ರ ಬೇ. ನನ್ನ ನಾಲಿಗಿ ಅವತ್ತ ಸುಮ್ಮನ ಇರಬೇಕಾಗಿತ್ತ ಚಂದ್ರಕ್ಕಾ, ತಪ್ಪಾತು."

ಆಮೇಲೆ ಕೆರೆಯ ದಂಡೆಯ ಮೇಲೆ ಚಂದ್ರಾಬಾಯಿ ಕೂಗುವಂತೆಯೇ ಲಕ್ಷ್ಮಿ ಒಂದೊಂದಾಗಿ ಹೆಸರು ಕೂಗಿದಳು. ತನ್ನದನ್ನೂ ಕೂಗಿ ತಾನೇ ಓ ಅಂದಳು. ಕೊನೆಗೆ, "ಚಂದ್ರಾಬಾಯಿ!"

ಎಲ್ಲರ ಹೆಸರು ಕೂಗಿದವಳ ಹೆಸರನ್ನು ಈತನಕ ಯಾರೂ ಕೂಗಿರಲಿಲ್ಲ. ಚಂದ್ರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅದೀನ್ರಿ" ಎಂದಳು.

ಆ ಫೋಟೋದಲ್ಲಿ ಸಮುದ್ರ ಅರ್ಧಕ್ಕೇ ತುಂಡಾಗಿದೆ, ತೆಗೆದವಳ ಹೆಬ್ಬೆರಳು ಒಂದು ಮೂಲೆಯಲ್ಲಿ ಬಿದ್ದಿದೆ. ಹೆಬ್ಬೆರಳನ್ನೂ ಎಣಿಸಿದರೆ ಹನ್ನೆರಡೂ ಜನ ಇದ್ದಾರೆ.