ಐಲ್ಸಳ ಬಾಯಿಯ ಇಂಗ್ಲಿಷ್

ಇಂಗ್ಲಿಷ್ ಕಲಿಸುವ ಕೆಲಸ ಹುಡುಕಿಕೊಂಡು ಐಲ್ಸ ಸ್ಕಾಟ್ಲೆಂಡಿನಿಂದ ಸ್ಪೇನಿನ ನಮ್ಮ ವೀಗೊ ಬಂದರಿಗೆ ಬಂದಳು. "ನಿಮ್ಮದು ಶುದ್ಧ ಇಂಗ್ಲಿಷಲ್ಲ" ಎಂದು ಭಾಷಾಶಾಲೆಗಳೆಲ್ಲ ಅವಳನ್ನು ವಾಪಸು ಕಳಿಸಿದವು. ಆ ಮಡಿವಂತರನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಒಂದು ಮಧ್ಯಾಹ್ನ ಅವಳು ನನ್ನ ಹೋಟೆಲಿನಲ್ಲಿ ಕೂತು, ಫೋನಿನಲ್ಲಿ ಅಪ್ಪನೊಂದಿಗೆ ತನ್ನೂರಿನ ಧಾಟಿಯಲ್ಲಿ ಗೋಳು ತೋಡಿಕೊಳ್ಳುತ್ತಿದ್ದಳು. ಪಕ್ಕದ ಮೇಜಿನಲ್ಲಿ ಊಟ ಮಾಡುತ್ತಿದ್ದ ಮೀನು ವ್ಯಾಪಾರಿ ದೊರಿಂಡ ತಟ್ಟೆ ಬಿಟ್ಟು ಎದ್ದುನಿಂತು ನನ್ನನ್ನು ಕೂಗಿದಳು.

"ಲೋ ಅಮಾರೊ, ಯಾರೋ ಇವಳು? ನಂಗೆ ಮೀನು ಕಳಿಸೋ ಸ್ಕಾಟ್ಲೆಂಡಿನ ದೋಣಿಯವನು ಥೇಟ್ ಹಿಂಗೇ ಮಾತಾಡ್ತಾನೆ. ಮಾರ್ಕೆಟ್ಟಲ್ಲಿ ಒಬ್ಬರಿಗೂ ಅರ್ಥ ಆಗಲ್ಲ. ಹೋದ ವಾರ ಸೀಗಡಿ ಕೇಳಿದ್ರೆ ಬಂಗಡೆ ಬಂತು."

"ಶಾಲೆಯವರು ನಂದು ಸರಿಯಿಲ್ಲ ಅಂತಾರಮ್ಮ," ಎಂದಳು ಐಲ್ಸ.

"ಅವರೇನು ಮೀನು ಮಾರ್ತಾರಾ? ನಾಳೆಯಿಂದ ನಮಗೆಲ್ಲ ನೀನೇ ಕಲಿಸು."

ಐಲ್ಸ ಎದ್ದ ರಭಸಕ್ಕೆ ಕುರ್ಚಿ ಉರುಳಿತು. ದೊರಿಂಡಳನ್ನು ತಬ್ಬಿಕೊಂಡು ಕುಣಿದೇಬಿಟ್ಟಳು.

ಈಗ ಅರ್ಧ ಮಾರ್ಕೆಟ್ಟೇ ಅವಳ ಶಿಷ್ಯರು. ಮೊನ್ನೆ ಲಂಡನ್ನಿನ ಪ್ರವಾಸಿಯೊಬ್ಬ ನನ್ನ ಹೋಟೆಲಿನ ಬಾಗಿಲಲ್ಲಿ ದಾರಿ ಕೇಳಿದ. ದೊರಿಂಡ ಇಂಗ್ಲಿಷಿನಲ್ಲಿ ಪಟಪಟನೆ ಹೇಳಿದಳು. ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ.

"ಪಾಪ, ಇವನಿಗೆ ಇಂಗ್ಲಿಷ್ ಬರಲ್ಲ ಕಣೋ," ಎಂದು ದೊರಿಂಡ ನನ್ನತ್ತ ತಿರುಗಿದಳು. "ಐಲ್ಸಳ ಹತ್ರ ಕಳಿಸು."