ಮುದಗಲ್ ಅಗಸಿಯಲ್ಲಿ ತುಂಬಿದ ಉಡಿ

ಮುಚ್ಚಿದ ಕೋಣೆಯಲ್ಲಿ ನನಗೆ ಕೂರಲು ಆಗುತ್ತಿರಲಿಲ್ಲ. ಇಷ್ಟು ಸಣ್ಣ ಮಾತಿಗೆ ಹನುಮಪ್ಪನ ಕೃಪೆ ಏಕೆ ಬೇಕಾಯಿತು ಎಂದು ನೀವು ನಗಬಹುದು. ನಗಿರಿ. ನಮ್ಮ ಓಣಿಯವರೂ ಸಾಕಷ್ಟು ನಕ್ಕಿದ್ದರು. ಆದರೆ ಅದೇ ಸಣ್ಣ ಮಾತು ನನ್ನ ಮತ್ತು ನನ್ನ ಹೊಟ್ಟೆಯಲ್ಲಿದ್ದ ಕೂಸಿನ ಜೀವದ ಪ್ರಶ್ನೆಯಾಗಿ ನಿಂತಿತ್ತು. ಅದನ್ನು ಹನುಮಪ್ಪನನ್ನು ನಂಬಿದ ನಿಮ್ಮೆಲ್ಲರ ಮುಂದೆ ಇಡಬೇಕೆಂದು ಬರೆಯುತ್ತಿದ್ದೇನೆ.

ನನ್ನ ಹೆಸರು ಹಂಪಮ್ಮ. ತವರು ಸಿಂಧನೂರು ತಾಲ್ಲೂಕಿನ ಸಾಲಗುಂದ. ೧೯೮೭ರಲ್ಲಿ, ಮದುವೆಯಾದ ಮೊದಲ ಪಂಚಮಿಗೆ ತವರಿಗೆ ಹೋಗಿದ್ದೆ. ಜಿಟಿಜಿಟಿ ಮಳೆ ಹಿಡಿದು ಬಿಟ್ಟೇ ಇರಲಿಲ್ಲ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪ್ರತಿ ಮಳೆಗಾಲಕ್ಕೆ ಮೊದಲು ಮಾಳಿಗೆಯ ಹಳೆ ಮಣ್ಣನ್ನು ಕೆರೆದು ತೆಗೆದು ಹೊಸದು ಹಾಕಬೇಕು. ನಮ್ಮಪ್ಪ ಮಾತ್ರ ಸೋರಬಾರದೆಂಬ ಆಸೆಗೆ ಹಳೆಯದರ ಮೇಲೆಯೇ ಹೊಸ ಮಣ್ಣು ಹಾಕಿಸುತ್ತ ಬಂದಿದ್ದ. ಸೋರಲಿಲ್ಲ, ನಿಜ. ಆ ಮಧ್ಯಾಹ್ನ ನಾನೂ ನನ್ನ ಅವ್ವನ ಅವ್ವ, ಅಂದರೆ ನಮ್ಮ ಆಯಿಯೂ ಒಳಕೋಣೆಯಲ್ಲಿ ಕೂತು ಶೇಂಗಾ ಉಂಡಿ ಕಟ್ಟುತ್ತಿದ್ದಾಗ ಇಡೀ ಮಾಳಿಗೆ ನಮ್ಮ ಮೇಲೆ ಕೂತುಬಿಟ್ಟಿತು.

ಒಂದು ತೊಲೆ ಜೋಳದ ಕಣಜಕ್ಕೆ ಒರಗಿ ನಿಂತಿತು. ಅದರ ಕೆಳಗಿನ ಸಂದಿನಲ್ಲಿ ನಾನು ಉಳಿದೆ. ಇನ್ನೊಂದು ನನ್ನ ಸೊಂಟದ ಮೇಲಿತ್ತು. ಬಾಯಿತುಂಬ ಮಣ್ಣು. ಕಣ್ಣು ತೆರೆದರೂ ಕತ್ತಲು, ಮುಚ್ಚಿದರೂ ಕತ್ತಲು. ಆಯಿಯ ಕೈ ನನ್ನ ಕೈಗೆ ಸಿಕ್ಕಿತ್ತು.

"ಹಂಪೀ, ಅದೀಯೇನ?" ಎಂದು ಆಯಿ ಕೇಳುವಳು.

"ಅದೀನಿ ಆಯಿ," ಎನ್ನುವೆ.

ಹೀಗೆ ಕೇಳುತ್ತ ಕೇಳುತ್ತ ಒಮ್ಮೆ ಕೇಳುವುದು ನಿಂತುಹೋಯಿತು. ನಾನು ಮಾತ್ರ ಅದೀನಿ, ಅದೀನಿ ಅನ್ನುತ್ತಲೇ ಇದ್ದೆ. ಜನ ಮಣ್ಣು ತೋಡಿ ನನ್ನನ್ನು ಎಳೆದಾಗ ಆಯಿಯ ಕೈಯಿಂದ ನನ್ನ ಕೈಯನ್ನು ಬಿಡಿಸಬೇಕಾಯಿತಂತೆ.

ಅಂದಿನಿಂದ ನಾನು ಮೈಯಿಂದ ಹೊರಗೆ ಬಂದೆ, ಮನಸ್ಸಿನಿಂದ ಬರಲಿಲ್ಲ. ಗಂಡನ ಊರಾದ ಮಸ್ಕಿಯಲ್ಲಿ ನಾನು ಪ್ರೈಮರಿ ಶಾಲೆಯ ಟೀಚರ್. ಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸಿ ಪಾಠ ಮಾಡುತ್ತಿದ್ದೆ. ಚಳಿಗಾಲದಲ್ಲೂ ಅಂಗಳದಲ್ಲಿ ಹಾಸಿಗೆ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಬಸ್ಸೇ ಬೇಡ. ಗುಡಿಗೆ ಹೋದರೂ ಗರ್ಭಗುಡಿ ದೂರ. ಆಗ ನನಗೆ ಉಳಿದವನು ಹನುಮಪ್ಪ ಒಬ್ಬನೇ. ನಮ್ಮ ಕಡೆ ಆತ ಊರಬಾಗಿಲಲ್ಲಿ, ಅಗಸಿಯಲ್ಲಿ ಗಾಳಿಗೆ ಮೈಯೊಡ್ಡಿ ನಿಂತಿರುತ್ತಾನೆ. ಬಾಗಿಲು ಹಾಕಿಕೊಂಡು ಕೂರುವ ದೇವರಲ್ಲ. ದಿನಾ ಸಂಜೆ ಅವನ ಮುಂದೆ ನಿಂತು, ನನ್ನನ್ನು ಈ ಮಣ್ಣಿನಿಂದ ಹೊರಗೆ ತೆಗೆಯಪ್ಪಾ ಎಂದು ಬೇಡುತ್ತಿದ್ದೆ. ಆತ ಗದೆ ಹಿಡಿದು ಸುಮ್ಮನೆ ನಿಂತಿರುತ್ತಿದ್ದ.

ಎರಡು ವರ್ಷದ ಮೇಲೆ ಬಸಿರಾದೆ. ಲಿಂಗಸುಗೂರಿನ ಡಾಕ್ಟರಮ್ಮ ನನ್ನ ಸೊಂಟ ನೋಡಿ ಮುಖ ಗಂಟಿಕ್ಕಿದರು.

"ತೊಲಿ ಬಿದ್ದು ಎಲುಬು ಸೊಟ್ಟ ಆಗ್ಯದ. ಕೂಸು ಬರೋ ದಾರಿ ಇಕ್ಕಟ್ಟು. ಇದು ಮನ್ಯಾಗ ಆಗೋ ಹೆರಿಗಿ ಅಲ್ಲವ್ವ. ರಾಯಚೂರಿಗೆ ಹೋಗಿ ಆಪರೇಷನ್ ಮಾಡಿಸಿಕೋಬೇಕು. ಇಲ್ಲಂದ್ರ ನೀನೂ ಉಳಿಯಂಗಿಲ್ಲ, ಕೂಸೂ ಉಳಿಯಂಗಿಲ್ಲ."

ನಮ್ಮ ಯಜಮಾನರು, ಅಮರೇಶ ಮೇಷ್ಟ್ರು, "ಮಂಪರು ಕೊಟ್ಟು ಮಲಗಿಸಿಬಿಟ್ರ ನಡಿತದಲ್ರೀ?" ಎಂದು ಕೇಳಿದರು.

"ಆಕಿ ಕೋಣಿಯೊಳಗ ಬಂದ್ರ ತಾನ ಕೊಡೋದು?" ಎಂದರು ಡಾಕ್ಟರಮ್ಮ. ಅವರ ಮಾತಿನಲ್ಲಿ ಅರ್ಥವಿತ್ತು. ಸ್ವಲ್ಪ ಮುಂಚೆ ಅವರು ಪರೀಕ್ಷೆಗೆಂದು ಬಾಗಿಲು ಹಾಕಿದ ಕೂಡಲೇ ನಾನು ಬರಿಗಾಲಲ್ಲಿ ಬಸ್ ನಿಲ್ದಾಣದವರೆಗೆ ಓಡಿದ್ದೆ. ನನ್ನ ಚಪ್ಪಲಿ ಹಿಡಿದುಕೊಂಡು ಹಿಂದೆ ಮೇಷ್ಟ್ರು ಓಡಿ ಬಂದಿದ್ದರು.

ನಮ್ಮ ಮೇಷ್ಟ್ರ ಬಗ್ಗೆ ಒಂದು ಮಾತು ಹೇಳಬೇಕು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವರು. ಬೇರೆಯವರ ಗಂಡಂದಿರು ಮಲ್ಲಿಗೆ ತಂದರೆ ಇವರು ಹಳೆ ಇಟ್ಟಿಗೆ ಚೂರು ತರುತ್ತಿದ್ದರು. ಅವರಿಗೆ ಹೊಳೆದ ಉಪಾಯವೂ ಹಾಗೆಯೇ ಇತ್ತು.

"ಮಾಳಿಗಿ ಬಿದ್ದದ್ದು ಮಣ್ಣಂದು. ನೂರಾರು ವರ್ಷ ಬೀಳದಂಗ ನಿಂತ ಕಲ್ಲಿನ ಕೆಳಗ ನಿಂತು ನೋಡು. ಮೊದಲು ಮಾಳಿಗಿ ಇಲ್ಲದ ಜಾಗಾ, ಆಮೇಲೆ ಅರ್ಧ ಇದ್ದದ್ದು, ಆಮೇಲೆ ಪೂರ್ತಿ. ರಾಯಚೂರಿನ ಕೋಣಿ ಕಡೀಗೆ."

ಕೋಟೆ ಸುತ್ತುವ ಮಾತು ಕೇಳಿ ಅತ್ತೆ ಬಾಯಿ ಬಡಿದುಕೊಂಡರು. "ಬಸರಿ ಹೆಂಗಸನ್ನ ಹಾಳು ಕ್ವಾಟ್ಯಾಗ ಸುತ್ತಿಸ್ತೀಯಲ್ಲೋ, ಬುದ್ಧಿ ಅದ ಏನ್ ನಿನಗ?"

ಮೊದಲ ಭಾನುವಾರ ಜಲದುರ್ಗಕ್ಕೆ ಹೋದೆವು. ನೀವು ನೋಡಿಲ್ಲವಾದರೆ ಒಮ್ಮೆ ಹೋಗಿಬನ್ನಿ. ಕೃಷ್ಣೆ ಎರಡು ಕವಲಾಗಿ ಸುತ್ತಿಕೊಂಡು ಹರಿಯುವ ನಡುಗಡ್ಡೆಯ ಕೋಟೆ. ಬುರುಜಿನ ತುದಿಯಲ್ಲಿ ನಿಂತರೆ ಗಾಳಿ ಸೆರಗನ್ನೇ ಕಿತ್ತುಕೊಳ್ಳುತ್ತದೆ. ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲ. ನನಗೆ ಬಹಳ ಹಿತವಾಯಿತು. ಆಮೇಲೆ ಕೆಳಗೆ ನೋಡಿದೆ. ಸುತ್ತಲೂ ನೀರು. ಗೋಡೆಯ ಬದಲು ನೀರು ಎಂದು ತಲೆಗೆ ಬಂದದ್ದೇ ತಡ, ಅಲ್ಲಿಯೇ ಕುಸಿದು ಕೂತೆ. ಬಯಲಲ್ಲೂ ನನಗೆ ಬಿಡುಗಡೆ ಇರಲಿಲ್ಲ.

ಆಮೇಲೆ ನಮ್ಮ ಮಸ್ಕಿಯದೇ ಅಶೋಕನ ಶಾಸನ. ಗುಡ್ಡದಲ್ಲಿ ಬಂಡೆಗಳು ಒಂದಕ್ಕೊಂದು ಒರಗಿ ಗವಿಯಂತಾಗಿರುವ ಜಾಗ. ನೀವು ಹೋಗುವುದಾದರೆ ಬೆಳಗಿನ ಹೊತ್ತೇ ಹೋಗಿರಿ, ಮಧ್ಯಾಹ್ನ ಬಂಡೆ ಹೆಂಚಿನಂತೆ ಕಾಯುತ್ತದೆ. ತಲೆಯನ್ನು ಬಂಡೆಯ ಕೆಳಗಿಟ್ಟು, ಕಾಲು ಹೊರಗೆ ಚಾಚಿ ಕೂತೆ. ಮೇಷ್ಟ್ರು ಅಕ್ಷರ ತೋರಿಸುತ್ತ, "ದೊಡ್ಡವರಿಗಷ್ಟ ಅಲ್ಲ, ಸಣ್ಣವರಿಗೂ ಇದು ದಕ್ಕತದ ಅಂತ ಬರೆಸ್ಯಾನ ನೋಡು," ಎಂದರು. ಏನು ದಕ್ಕುತ್ತದೆ ಎಂದು ಕೇಳುವಷ್ಟರಲ್ಲಿ ಉಸಿರು ಕಟ್ಟಿತು. ತೆವಳಿಕೊಂಡು ಹೊರಗೆ ಬಂದೆ. ಅಶೋಕನ ಊರಲ್ಲೇ ಇದ್ದೂ ಅವನ ಮಾತನ್ನು ಪೂರ್ತಿ ಕೇಳಲಾಗಲಿಲ್ಲ.

ಏಳನೇ ತಿಂಗಳಲ್ಲಿ ಕುಬುಸ, ಅಂದರೆ ಸೀಮಂತ ಮಾಡಿದರು. ಓಣಿಯ ಮುತ್ತೈದೆಯರು ನನ್ನ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿದರು. ಅತ್ತೆ ಗಂಡನನ್ನು ಕಳೆದುಕೊಂಡವರು. ಅಡುಗೆಯನ್ನೆಲ್ಲ ತಾವೇ ಮಾಡಿ, ಉಡಿ ತುಂಬುವ ಹೊತ್ತಿಗೆ ಬಾಗಿಲ ಮರೆಗೆ ಸರಿದುನಿಂತರು. ನನಗೆ ಕೆಟ್ಟದೆನಿಸಿತು, ಆದರೆ ರೂಢಿ ಎಂದು ಸುಮ್ಮನಾದೆ.

ದಿನಗಳು ತುಂಬುತ್ತ ಬಂದವು. ನನ್ನ ಹೆದರಿಕೆ ಒಂದು ಕೂದಲಷ್ಟೂ ಕಡಿಮೆಯಾಗಿರಲಿಲ್ಲ. ಕೂಸು ಒದ್ದಾಗಲೆಲ್ಲ ನನಗೆ ಖುಷಿಯಾಗುತ್ತಿರಲಿಲ್ಲ. ಅದೂ ನನ್ನಂತೆ ಇಕ್ಕಟ್ಟಿನಲ್ಲಿ ಸಿಕ್ಕಿ ದಾರಿ ಹುಡುಕುತ್ತಿದೆ, ಇದರ ಬಾಗಿಲನ್ನೂ ನಾನೇ ಮುಚ್ಚುತ್ತಿದ್ದೇನೆ ಎಂದು ಅಳು ಬರುತ್ತಿತ್ತು. ಕೊನೆಯದಾಗಿ ಮುದಗಲ್‌ಗೆ ಹೋಗೋಣವೆಂದರು ಮೇಷ್ಟ್ರು. ವಾದ ಮಾಡಲೂ ಶಕ್ತಿ ಇರಲಿಲ್ಲ.

ಮುದಗಲ್ ಕೋಟೆಗೆ ಸುತ್ತ ನೀರು ತುಂಬಿದ ಕಂದಕ, ಎರಡು ಸುತ್ತಿನ ಗೋಡೆ. ಅದರ ಬಾಗಿಲುಗಳು ನೇರವಿಲ್ಲ. ಶತ್ರು ಒಮ್ಮೆಲೇ ನುಗ್ಗಬಾರದೆಂದು ತಿರುವಿನ ಮೇಲೆ ತಿರುವು ಇಟ್ಟಿದ್ದಾರೆ. ಒಳಗೆ ಈಗಲೂ ಜನ ಮನೆ ಮಾಡಿಕೊಂಡಿದ್ದಾರೆ. ಮೇಷ್ಟ್ರು ಗೋಡೆಯ ಮೇಲಿನ ಯಾವುದೋ ಬರಹ ನೋಡುತ್ತ ಮುಂದೆ ಹೋದರು. ನಾನು ಉಸಿರು ಹಿಡಿದು, ಗೋಡೆ ಸವರುತ್ತ ಒಂದು ತಿರುವು ದಾಟಿದೆ. ಅಲ್ಲಿಂದ ಈ ಕಡೆಯ ಬೆಳಕೂ ಕಾಣದು, ಆ ಕಡೆಯ ಬೆಳಕೂ ಕಾಣದು.

ಅಷ್ಟರಲ್ಲಿ ಹಿಂದಿನಿಂದ ಜೋಳದ ಕಣಿಕೆ ಹೇರಿದ ಬಂಡಿ ಬಂತು. ಕಮಾನಿಗೆ ಮೇವು ಸಿಕ್ಕಿಕೊಂಡು ಅಲ್ಲಿಯೇ ನಿಂತಿತು. ಮುಂದಿನಿಂದ ಗೊಬ್ಬರದ ಬಂಡಿ ಬಂದು ಆ ದಾರಿಯನ್ನೂ ಮುಚ್ಚಿತು. ಬಂಡಿಯವರಿಬ್ಬರೂ ನೀ ಹಿಂದಕ್ಕೆ ಸರಿ, ನೀ ಸರಿ ಎಂದು ಜಗಳಕ್ಕೆ ಬಿದ್ದರು. ಧೂಳು ಎದ್ದು ಬಾಯಿಗೆ ಬಂತು. ಅದೇ ಮಣ್ಣಿನ ರುಚಿ. ನಾನು ಸಾಲಗುಂದದ ಒಳಕೋಣೆಯಲ್ಲಿದ್ದೆ. ಚೀರಿದೆನೋ ಇಲ್ಲವೋ ನೆನಪಿಲ್ಲ. ಎತ್ತುಗಳ ಕಾಲ ಸಂದಿನಲ್ಲಿ ನುಗ್ಗಿ ಓಡಬೇಕೆಂದು ಬಗ್ಗಿದೆ.

ಯಾರೋ ರಟ್ಟೆ ಹಿಡಿದು ಎಳೆದರು. "ಏ ಹುಚ್ಚಿ, ಎತ್ತು ತುಳಿದ್ರ ಏನ್ ಮಾಡ್ತಿ? ಇಲ್ಲಿ ಬಾ!"

ಗೋಡೆಯ ಗೂಡಿನಲ್ಲಿ ಒಬ್ಬ ಮುದುಕಿ ಜೋಳದ ಗಂಟು ಇಟ್ಟುಕೊಂಡು ಕೂತಿದ್ದಳು. ಆಕೆಯ ಪಕ್ಕದಲ್ಲಿ ಎಣ್ಣೆ ದೀಪ, ದೀಪದ ಹಿಂದೆ ಕಲ್ಲಿನಲ್ಲಿ ಮೂಡಿದ ಹನುಮಪ್ಪ. ನಾನು ಅವನನ್ನು ಬಯಲ ದೇವರೆಂದು ತಿಳಿದಿದ್ದೆ. ಆತ ಈ ಕತ್ತಲ ತಿರುವಿನಲ್ಲೂ ನಿಂತಿದ್ದ.

ಮುದುಕಿ ನನ್ನ ಹೊಟ್ಟೆ ನೋಡಿದಳು. "ಅಯ್ಯ, ತುಂಬಿದ ಬಸರಿ! ಹನುಮಪ್ಪನ ಅಗಸಿಯಾಗ ಬಸರಿ ಹೆಂಗಸು ಖಾಲಿ ಉಡೀಲೆ ಹೋಗಬಾರದು. ಸೆರಗ ಒಡ್ಡು."

"ನನಗ ಹೊರಗ ಹೋಗಬೇಕಬೇ, ಉಸುರು ಕಟ್ಟಾಕತ್ಯದ," ಎಂದು ಅಳತೊಡಗಿದೆ.

"ಹೋಗಿಯಂತ. ಮೊದಲ ಸೆರಗ ಒಡ್ಡು."

ಆ ದನಿಗೆ ಎದುರಾಡಲು ಆಗಲಿಲ್ಲ. ಎರಡೂ ಕೈಯಲ್ಲಿ ಸೆರಗು ಹಿಡಿದೆ. ಆಕೆ ಗಂಟು ಬಿಚ್ಚಿದಳು. ಬೊಗಸೆ ತುಂಬಿಕೊಂಡವಳು ತಟ್ಟನೆ ಕೈ ತಡೆದಳು. ಹಣೆಯಲ್ಲಿ ಕುಂಕುಮವಿಲ್ಲದ್ದು ನನಗೆ ಆಗ ಕಂಡಿತು.

"ನಾ ತುಂಬಬಾರದು. ಗಂಡ ಇಲ್ಲದಾಕಿ," ಎಂದಳು. ಆಮೇಲೆ ಬೊಗಸೆಯನ್ನು ಹನುಮಪ್ಪನ ಪಾದಕ್ಕೆ ಮುಟ್ಟಿಸಿದಳು. "ಈಗ ನಾ ಅಲ್ಲ, ಆತ ತುಂಬಾಕತ್ಯಾನ. ನನ್ನವು ಬರೇ ಕೈ."

ಬೊಗಸೆ ಬೊಗಸೆಯಾಗಿ ಜೋಳ ಬಿತ್ತು. ಸೆರಗು ಭಾರವಾಯಿತು. "ಗಟ್ಟಿ ಹಿಡಿ. ಉಡಿ ತುಂಬಿದ ಮ್ಯಾಲ ಒಂದು ಕಾಳೂ ಚೆಲ್ಲಬಾರದು."

ನಮ್ಮಲ್ಲಿ ಹುಟ್ಟಿದ ಯಾವ ಹೆಣ್ಣಿಗೂ ಆ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಉಡಿಯ ಕಾಳು ಚೆಲ್ಲಿದರೆ ಹೊಟ್ಟೆಯ ಕೂಸಿಗೆ ಕೇಡೆಂದು ನಾವು ಕೇಳುತ್ತಲೇ ಬೆಳೆದವರು. ಓಡಿದರೆ ಚೆಲ್ಲುತ್ತದೆ. ಎರಡೂ ಕೈ ಸೆರಗಿನಲ್ಲಿ. ಹನುಮಪ್ಪ ನನ್ನನ್ನು ಅಲ್ಲಿಯೇ ಕಟ್ಟಿಹಾಕಿಬಿಟ್ಟ. ಕಣ್ಣು ಮುಚ್ಚಿ ನಿಂತೆ. ಎದೆ ಡವಗುಟ್ಟುತ್ತಿತ್ತು, ಬೆವರು ಹರಿಯುತ್ತಿತ್ತು, ಗೋಡೆಗಳು ಇನ್ನೂ ಅಲ್ಲಿಯೇ ಇದ್ದವು. ಆದರೂ ನಿಂತೆ. ಸೆರಗಿನ ಕೆಳಗೆ ಕೂಸು ಒದೆಯಿತು. ಆಯಿಗೆ ಹೇಳುತ್ತಿದ್ದಂತೆ "ಅದೀನಿ" ಎಂದೆ. ಈ ಸಲ ಆ ಕಡೆಯಿಂದ ಮತ್ತೆ ಒಂದು ಒದೆ ಬಂತು.

ಬಂಡಿಗಳು ಸರಿಯುವಷ್ಟರಲ್ಲಿ ಮೇಷ್ಟ್ರು ಓಡಿಬಂದರು. ಕತ್ತಲಲ್ಲಿ ಉಡಿ ಹಿಡಿದು ನಿಂತ ನನ್ನನ್ನು ನೋಡಿ ಸೆರಗಿನ ಅಡಿಗೆ ತಾವೂ ಕೈ ಕೊಟ್ಟರು. ಮುದುಕಿಯ ಹೆಸರು ತಿಮ್ಮವ್ವ ಎಂದು ಕೇಳಿಕೊಂಡು ಬಂದೆವು.

ಮನೆಯಲ್ಲಿ ಅತ್ತೆ ವಿಷಯ ಕೇಳಿ ಗೋಡೆಗೆ ಒರಗಿ ಕೂತರು. "ನನ್ನಂಥಾಕಿ ತುಂಬಿದ ಉಡಿ ಏನ್ ಫಲ ಕೊಡ್ತದ? ಆ ಜ್ವಾಳ ಹಕ್ಕಿಗೆ ಚೆಲ್ಲಿಬಿಡು," ಎಂದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ನಾನು ಚೆಲ್ಲಲಿಲ್ಲ, ಬಟ್ಟೆಯಲ್ಲಿ ಕಟ್ಟಿಟ್ಟೆ. ಅವರ ಮಾತು ನಿಜವಾದರೆ ಏನು ಗತಿ ಎಂದು ಒಳಗೊಳಗೆ ನಡುಗುತ್ತಲೇ ಇದ್ದೆ.

ರಾಯಚೂರಿನ ದವಾಖಾನೆಯ ಉದ್ದ ಕಾರಿಡಾರಿನಲ್ಲಿ ಸ್ಟ್ರೆಚರ್ ಮೇಲೆ ಮಲಗಿಸಿ ತಳ್ಳಿದಾಗ ಮೇಲಿನ ಸೂರು ಸರಿಯುತ್ತ ಹೋಯಿತು. ಆಪರೇಷನ್ ಕೋಣೆಯ ಬಾಗಿಲು ಹಿಂದೆ ಮುಚ್ಚಿಕೊಂಡ ಸದ್ದು ಈಗಲೂ ಕಿವಿಯಲ್ಲಿದೆ. ಬೆನ್ನಿಗೆ ಚುಚ್ಚಿದರು. ಸೊಂಟದ ಕೆಳಗೆ ಮೈ ಸತ್ತುಹೋಯಿತು, ತೊಲೆಯ ಕೆಳಗೆ ಸತ್ತಿತ್ತಲ್ಲ, ಹಾಗೆಯೇ. ಕೈಗಳನ್ನು ಎರಡೂ ಕಡೆ ಚಾಚಿಸಿ ಪಟ್ಟಿ ಕಟ್ಟಿದರು. ಹಿಡಿಯಲು ಸೆರಗಿಲ್ಲ. ಮುಷ್ಟಿ ಕಟ್ಟಿದೆ. ಹನುಮಪ್ಪಾ, ಚೆಲ್ಲಬಾರದು, ಚೆಲ್ಲಬಾರದು ಎಂದು ಗುನುಗುತ್ತಿದ್ದೆ.

"ಏನವ್ವ, ಏನಂತಿ?" ಎಂದರು ಡಾಕ್ಟರು.

"ಉಡಿ ತುಂಬ್ಯದರೀ. ಹಿಡಿದೀನಿ."

ಅವರು ಒಂದು ಕ್ಷಣ ನನ್ನ ಮುಷ್ಟಿ ನೋಡಿದರು. "ಹಿಡಿ ಮತ್ತ. ಬಿಡಬ್ಯಾಡ," ಎಂದರು.

ನಾನು ಬಿಡಲಿಲ್ಲ. ಓಡಬೇಕೆನಿಸಿತು, ಓಡಲಿಲ್ಲ. ಹೆಣ್ಣು ಕೂಸು ಗಂಟಲು ಹರಿಯುವಂತೆ ಅತ್ತಿತು. ಇಕ್ಕಟ್ಟಿನಿಂದ ಹೊರಗೆ ಬಂದವರು ಹಾಗೆ ಅಳಬೇಕು. ನಾನೂ ಮನಸಾರೆ ಅತ್ತೆ.

ಕೂಸು ಕುತ್ತಿಗೆ ನಿಲ್ಲಿಸಿದ ಮೇಲೆ ಮುದಗಲ್‌ಗೆ ಹೋದೆವು. ಈ ಸಲ ಅತ್ತೆಯೂ ತಾವೇ ಹೊರಟರು. ತಿರುವಿನಲ್ಲಿ ತಿಮ್ಮವ್ವ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಗುರುತು ಹಿಡಿದು ನಕ್ಕಳು. ಕೂಸನ್ನು ಕಂಡವಳೇ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಹಿಂದೆ ಸರಿದಳು. "ದೂರದಿಂದ ನೋಡ್ತೀನವ್ವ. ಹಸಗೂಸು, ನಾ ಮುಟ್ಟಬಾರದು."

ಅತ್ತೆ ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡು ಹನುಮಪ್ಪನ ಪಾದಕ್ಕೆ ಮುಟ್ಟಿಸಿದರು.

"ನಾನೂ ನಿನ್ನಂಥಾಕಿನ, ತಂಗಿ," ಎಂದರು. "ಅವತ್ತ ನೀ ತುಂಬಿದಿ. ಇವತ್ತ ನಾ ತುಂಬತೀನಿ. ಸೆರಗ ಒಡ್ಡು."

ತಿಮ್ಮವ್ವ ಎರಡೂ ಕೈಯಲ್ಲಿ ಸೆರಗು ಒಡ್ಡಿದಳು. ಅತ್ತೆ ನನ್ನ ಮಗಳನ್ನು ಅದರಲ್ಲಿ ಮಲಗಿಸಿದರು. ಆ ಕತ್ತಲ ತಿರುವಿನಲ್ಲಿ ನಾವೆಲ್ಲ ಎಷ್ಟೋ ಹೊತ್ತು ನಿಂತಿದ್ದೆವು. ಹೊರಗೆ ಹೋಗಬೇಕೆಂದು ನನಗೆ ನೆನಪೇ ಆಗಲಿಲ್ಲ.